ಲೈಬ್ರರಿಯಲ್ಲಿ ಮೊದಲ ಸಲ ಸಿಬ್ಬಂದಿಯ ಹೊಣೆ ಹೊತ್ತವರಿಗೆ

ಕಾಲೇಜು ಲೈಬ್ರರಿಗೆ ಹೊಸದಾಗಿ ಮುಖ್ಯಸ್ಥರಾಗಿ ಬಂದಿದ್ದೀರಾ? ಬಂದ ಕೂಡಲೇ ಡ್ಯೂಟಿ ಚಾರ್ಟ್ ಬದಲಿಸಬೇಡಿ. ಮೊದಲು ಕೌಂಟರ್‌ನಲ್ಲಿ ಸಹಾಯಕರ ಪಕ್ಕ ಕೂತು ನೋಡಿ. ಕೆಲಸ ಎಲ್ಲಿ ತಡವಾಗುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಜಾಸ್ತಿ ಬೇಸರ ಹುಟ್ಟುವುದು ವಾಪಸ್ ಬಂದ ಪುಸ್ತಕ ಕಪಾಟಿಗೆ ಜೋಡಿಸುವಾಗ. ಧೂಳು, ಏಣಿ, ಭಾರ ಎಲ್ಲಾ ಒಬ್ಬ ಅಟೆಂಡರ್ ಮೇಲೇ ಬಿದ್ದರೆ ಅನ್ಯಾಯ ಅಲ್ವಾ? ಡ್ಯೂಯಿ ಸಂಖ್ಯೆ (ವಿಷಯದ ಪ್ರಕಾರ ಪುಸ್ತಕಕ್ಕೆ ಕೊಡುವ ನಂಬರ್) ಪ್ರಕಾರ ಹಂಚಿ: 500ರ ವಿಜ್ಞಾನ ಒಬ್ಬರಿಗೆ, 800ರ ಸಾಹಿತ್ಯ ಇನ್ನೊಬ್ಬರಿಗೆ. ತಿಂಗಳಿಗೊಮ್ಮೆ ಬದಲಿಸಿ. ನಿಮಗೂ ಒಂದು ಪಾಲು ಇಟ್ಟುಕೊಳ್ಳಿ, ಇದು ಬಹಳ ಮುಖ್ಯ. ಹೀಗೆ ಹಂಚಿಕೊಂಡರೆ ತಪ್ಪು ಜಾಗದಲ್ಲಿಟ್ಟ ಪುಸ್ತಕವೂ ಬೇಗ ಸಿಗುತ್ತದೆ.

ಲೈಬ್ರರಿ ಕೆಲಸಕ್ಕೆ ಬಳಸುವ ಕೋಹಾ ತಂತ್ರಾಂಶ ಕಲಿಸುವುದಿದ್ದರೆ ರಜೆಯಲ್ಲಿ ಕಲಿಸಿ, ಪರೀಕ್ಷೆ ಸಮಯದಲ್ಲಿ ಬೇಡ. ಯಾರದ್ದಾದರೂ ತಪ್ಪು ಕಂಡರೆ ವಿದ್ಯಾರ್ಥಿಗಳ ಎದುರು ಹೇಳಬೇಡಿ, ಆಮೇಲೆ ಒಳಗೆ ಕರೆದು ಮಾತಾಡಿ.