ಪ್ರೋಗ್ರಾಮಿಗೆ ಹೊರಡುವ ಮೊದಲು ಬೇಸ್ ಬ್ಯಾಗು ತುಂಬುವುದು ಹೇಗೆ?

ಬೇಸ್ ಗಿಟಾರಿನ ತಂತಿ ತುಂಡಾಗುವುದು ಅಪರೂಪ. ಹನ್ನೆರಡು ವರ್ಷದಲ್ಲಿ ನನ್ನದು ತುಂಡಾಗಿದ್ದು ಎರಡೇ ಸಲ. ಕೇಬಲ್ ಕೈಕೊಟ್ಟದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಆದರೂ ಹೊಸದಾಗಿ ಬೇಸ್ ಹಿಡಿದ ಹುಡುಗರ ಬ್ಯಾಗು ತೆರೆದು ನೋಡಿ. ಎರಡು ಸೆಟ್ ತಂತಿ ಇರುತ್ತದೆ, ಕೇಬಲ್ ಒಂದೇ ಇರುತ್ತದೆ.

ಕೊಡಗಿನಲ್ಲಿ ಈ ಲೆಕ್ಕ ತಪ್ಪಿದರೆ ಪಾಡು ಜಾಸ್ತಿ. ಸಂಜೆ ಏಳು ಗಂಟೆ, ನಾಪೋಕ್ಲು ಕಡೆಯ ಯಾವುದೋ ತೋಟ, ಕಾಫಿ ಒಣಗಿಸುವ ಕಣದಲ್ಲಿ ಸ್ಟೇಜು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದಾದರೆ 140ರ ಹತ್ತಿರ. ಅಂಗಡಿಗೆ ಓಡಿ ತರುತ್ತೇನೆ ಅನ್ನುವ ಮಾತೇ ಇಲ್ಲ. ಬೇರೆ ಬ್ಯಾಂಡಿನವರ ಹತ್ತಿರ ಕೇಳೋಣ ಅಂದರೆ ಗಿಟಾರಿನವರು ಹತ್ತು ಮಂದಿ ಸಿಗುತ್ತಾರೆ, ಬೇಸಿನವರು ಒಬ್ಬರು ಸಿಕ್ಕರೆ ಪುಣ್ಯ.

ಹಾಗಾಗಿ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ಕೆಟ್ಟರೆ ಬೇಸ್ ಪೂರ್ತಿ ನಿಂತುಹೋಗುತ್ತದಾ? ಹೌದು ಅಂತಾದರೆ ಎರಡು ಇಟ್ಟುಕೊಳ್ಳಿ. ಇಲ್ಲ ಅಂತಾದರೆ ಒಂದು ಸಾಕು, ಕೆಲವು ಸಲ ಒಂದೂ ಬೇಡ.

1. ಮೊದಲು ಸೌಂಡಿನವರಿಗೆ ಫೋನ್ ಮಾಡಿ

ಪ್ರೋಗ್ರಾಮಿಗೆ ಎರಡು ದಿನ ಮೊದಲು ಮಾಡಿ. ಮದುವೆ ಮನೆಯವರಿಗಲ್ಲ, ರಿಸಾರ್ಟಿನ ಮ್ಯಾನೇಜರಿಗೂ ಅಲ್ಲ. ಅವರು ಎಲ್ಲದಕ್ಕೂ "ಉಂಟು ಉಂಟು" ಅನ್ನುತ್ತಾರೆ. ಸೌಂಡಿನವರನ್ನೇ ಕೇಳಿ: ಬೇಸಿಗೆ ಆಂಪ್ (ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಇದೆಯಾ, ಇಲ್ಲ ನೇರ ಮಿಕ್ಸರಿಗಾ (ಎಲ್ಲರ ಸದ್ದು ಸೇರಿಸುವ ಸೌಂಡಿನವರ ಯಂತ್ರ)? ಕರೆಂಟು ಲೈನಿನದಾ, ಜನರೇಟರಿನದಾ? ಸ್ಟೇಜಿನಿಂದ ಪ್ಲಗ್ ಎಷ್ಟು ದೂರ?

ಆಂಪ್ ಇದೆ ಅಂದರೆ ಅದು ಬೇಸ್ ಆಂಪಾ ಅಂತ ಇನ್ನೊಮ್ಮೆ ಕೇಳಿ. ಒಂದು ಕಡೆ ಹೋಗಿ ನೋಡಿದರೆ ಮನೆಯಲ್ಲಿ ಪ್ರಾಕ್ಟೀಸ್ ಮಾಡುವ ಪುಟ್ಟ ಗಿಟಾರ್ ಆಂಪ್ ಇಟ್ಟಿದ್ದರು. ಬೇಸಿನ ದಪ್ಪ ಇ ತಂತಿಯನ್ನು ಸುಮ್ನೆ ಮೀಟಿದರೂ 41 ಹರ್ಟ್ಸ್‌ನ ಸ್ವರ ಬರುತ್ತದೆ. ಸಣ್ಣ ಗಿಟಾರ್ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಎತ್ತುವ ಶಕ್ತಿ ಇಲ್ಲ. ವಾಲ್ಯೂಮ್ ಏರಿಸಿದರೆ ಕೋನ್ ಹರಿದೇ ಹೋಗಬಹುದು. ಆಮೇಲೆ ದುಡ್ಡು ಯಾರು ಕೊಡುವುದು ಅನ್ನುವ ಜಗಳ ಬೇರೆ.

ಇದಕ್ಕೆಲ್ಲ ನನ್ನ ಉತ್ತರ ಒಂದು ಡಿಐ ಬಾಕ್ಸ್. ಸಾಬೂನು ಡಬ್ಬಿಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಡಬ್ಬಿ. ಬೇಸಿನ ಸಿಗ್ನಲನ್ನು ಮೈಕ್ ಕೇಬಲಿನಲ್ಲಿ ದೂರದ ಮಿಕ್ಸರ್‌ವರೆಗೆ ಗೊರಗೊರ ಇಲ್ಲದೆ ಕಳಿಸುವುದು ಇದರ ಕೆಲಸ. ಇದರಲ್ಲಿ ಆಕ್ಟಿವ್, ಪ್ಯಾಸಿವ್ ಅಂತ ಎರಡು ಜಾತಿ. ಆಕ್ಟಿವ್‌ಗೆ ಮಿಕ್ಸರಿನಿಂದ 48 ವೋಲ್ಟ್ ಬರಬೇಕು ಅಥವಾ ಒಳಗೆ ಬ್ಯಾಟರಿ ಇರಬೇಕು. ಪ್ಯಾಸಿವ್‌ಗೆ ಏನೂ ಬೇಡ. ನಿಮ್ಮ ಬೇಸಿನಲ್ಲೇ ಬ್ಯಾಟರಿ ಇದ್ದರೆ ಪ್ಯಾಸಿವ್ ಡಿಐ ಸಾಕು. ಬೇಸಿನಲ್ಲಿ ಬ್ಯಾಟರಿ ಇಲ್ಲದಿದ್ದರೆ ಆಕ್ಟಿವ್ ಡಿಐಯಲ್ಲಿ ನಾದ ಚೆನ್ನಾಗಿ ಉಳಿಯುತ್ತದೆ. ಮಡಿಕೇರಿ ದಸರಾದಂಥ ಸ್ಟೇಜಿನಲ್ಲಿ ಒಂದು ತಂಡ ಇಳಿದು ಇನ್ನೊಂದು ಹತ್ತುವ ಹೊತ್ತಿಗೆ ನಿಮಗೆ ಸಿಗುವುದು ಐದು ನಿಮಿಷ. ಸ್ವಂತ ಡಿಐ ಇದ್ದವನು ಪಿನ್ ಚುಚ್ಚಿ ರೆಡಿ. ಇಲ್ಲದವನು ಸೌಂಡಿನ ಹುಡುಗ ಎಲ್ಲಿ ಅಂತ ಹುಡುಕುತ್ತಿರುತ್ತಾನೆ.

ದೊಡ್ಡ ಆಂಪ್ ಹೊತ್ತುಕೊಂಡು ಹೋಗಬೇಕಾ? ಜೀಪು ನಿಮ್ಮದಾಗಿದ್ದು, ಬೆನ್ನು ಗಟ್ಟಿ ಇದ್ದರೆ ಹೋಗಿ. ನಾನಂತೂ ಬಿಟ್ಟು ವರ್ಷಗಳಾದವು.

2. ಕೇಬಲ್ ಎರಡು, ಎರಡೂ ಪರೀಕ್ಷೆ ಮಾಡಿದ್ದು

ಒಂದು ರಿಸೆಪ್ಶನ್ನಿನಲ್ಲಿ ಎರಡನೇ ಹಾಡಿಗೇ ನನ್ನ ಬೇಸ್ ಬಂದು ಹೋಗಿ ಬಂದು ಹೋಗಿ ಆಡತೊಡಗಿತು. ನಾನು ಎಡಕ್ಕೆ ವಾಲಿದರೆ ಇಲ್ಲ, ಬಲಕ್ಕೆ ವಾಲಿದರೆ ಇದೆ. ಸೌಂಡಿನ ಹುಡುಗ ಓಡಿ ಬಂದು ಕಿವಿಯಲ್ಲಿ, "ಅಣ್ಣಾ, ಹೀಗೇ ನಿಲ್ಲಿ, ಅಲ್ಲಾಡ್ಬೇಡಿ" ಅಂದ. ಎದುರಿಗೆ ಜನ ವಾಲಗದ ತಾಳಕ್ಕೆ ಕುಣಿದು ಕಣ ಪುಡಿ ಮಾಡುತ್ತಿದ್ದರು. ನಾನು ಮಾತ್ರ ಬಲಕ್ಕೆ ವಾಲಿದ ಕರೆಂಟ್ ಕಂಬದ ಹಾಗೆ ಮುಕ್ಕಾಲು ಗಂಟೆ ನಿಂತಿದ್ದೆ. ಬ್ಯಾಗಿನಲ್ಲಿ ಇನ್ನೊಂದು ಕೇಬಲ್ ಇರಲಿಲ್ಲ.

ಮನೆಗೆ ಬಂದು ಪಿನ್ನಿನ ಮುಚ್ಚಳ ತಿರುಗಿಸಿ ತೆಗೆದೆ. ನಡುವಿನ ವಯರು ಪಿನ್ನಿನ ತುದಿಗೆ ಸೇರುವ ಜಾಗದಲ್ಲಿ ಬೆಸುಗೆ ಬಿಟ್ಟಿತ್ತು. ಕೂದಲೆಳೆಯಂಥ ಒಂದೇ ಒಂದು ತಾಮ್ರದ ಎಳೆ ಹಿಡಿದುಕೊಂಡಿತ್ತು. ಆ ರಾತ್ರಿಯ ಬೇಸೆಲ್ಲ ಆ ಒಂದು ಎಳೆಯ ಮೇಲೆ ನಡೆದಿತ್ತು. ಸೋಲ್ಡರ್ ಹಚ್ಚಲು ಐದು ನಿಮಿಷ ಹಿಡಿಯಿತು. ಅದಕ್ಕೇ ಹೇಳುವುದು, ಕೇಬಲ್ ಕೊಳ್ಳುವಾಗ ಮುಚ್ಚಳ ತಿರುಗಿಸಿ ಬಿಚ್ಚಲು ಬರುವ ಪಿನ್ ಇರುವುದನ್ನೇ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಎರಕ ಹೊಯ್ದ ಪಿನ್ ಕೆಟ್ಟರೆ ಕತ್ತರಿಸಿ ಎಸೆಯುವುದೇ ಗತಿ.

ಉದ್ದ ಒಂದು ಮೂರು ಮೀಟರ್, ಇನ್ನೊಂದು ಆರು ಮೀಟರ್ ಇರಲಿ. ಹಿಂದಿನ ದಿನ ಎರಡನ್ನೂ ಪರೀಕ್ಷಿಸಿ. ಬೇಸಿಗೆ ಸಿಕ್ಕಿಸಿ, ವಾಲ್ಯೂಮ್ ಇಟ್ಟು, ಎರಡೂ ತುದಿಯ ಪಿನ್ನಿನ ಬುಡವನ್ನು ಬೆರಳಲ್ಲಿ ನಿಧಾನ ಅಲ್ಲಾಡಿಸಿ. ಚರಚರ ಅಂದರೆ ಅದು ರಿಪೇರಿಗೆ. ಸ್ಟೇಜಿನಲ್ಲಿ ಕೇಬಲನ್ನು ಸ್ಟ್ರಾಪಿನ ಒಳಗಿಂದ ಒಂದು ಸುತ್ತು ತಂದು ಆಮೇಲೆ ಚುಚ್ಚಿ. ಯಾರಾದರೂ ತುಳಿದರೆ ಎಳೆತ ಸ್ಟ್ರಾಪಿಗೆ ಬೀಳುತ್ತದೆ, ಪಿನ್ನಿಗಲ್ಲ. ಕುಣಿಯುವವರು ಸ್ಟೇಜ್ ಹತ್ತುವುದು ನಮ್ಮಲ್ಲಿ ಮಾಮೂಲಿ, ಅಲ್ವಾ?

ಇನ್ನೊಂದು ಮಾತು. ಸ್ಪೀಕರ್ ಕೇಬಲಿನ ಪಿನ್ನೂ ಕೆಲವು ಸಲ ನೋಡಲು ಹೀಗೇ ಇರುತ್ತದೆ. ಆದರೆ ಒಳಗೆ ಸಿಗ್ನಲ್ ಕಾಯುವ ಜಾಲರಿ ಇರುವುದಿಲ್ಲ. ಅದನ್ನು ಬೇಸಿಗೆ ಹಾಕಿದರೆ ಬರೀ ಗುಂಯ್ ಸದ್ದು. ಉಲ್ಟಾ ಮಾಡಿ ಬೇಸ್ ಕೇಬಲನ್ನು ಆಂಪಿನಿಂದ ಸ್ಪೀಕರಿಗೆ ಹಾಕಿದರೆ ಸಪೂರ ವಯರು ಬಿಸಿಯಾಗುತ್ತದೆ, ಆಂಪಿಗೂ ಕುತ್ತು. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

3. ಒಂಬತ್ತು ವೋಲ್ಟಿನ ಬ್ಯಾಟರಿ

ನಿಮ್ಮ ಬೇಸ್ ಆಕ್ಟಿವ್ ಆಗಿದ್ದರೆ ಮಾತ್ರ ಇದನ್ನು ಓದಿ. ಹಿಂಬದಿಯಲ್ಲಿ ಪುಟ್ಟ ಬ್ಯಾಟರಿ ಗೂಡು ಇರುತ್ತದೆ. ಕೆಲವಕ್ಕೆ ಒಂದು ಬ್ಯಾಟರಿ, 18 ವೋಲ್ಟಿನವಕ್ಕೆ ಎರಡು. ಬೇಸಿಗೆ ಪಿನ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತದೆ. ಆಂಪ್ ಆಫ್ ಇದ್ದರೂ ಅಷ್ಟೆ. ಸೌಂಡ್ ಚೆಕ್ ಮುಗಿಸಿ ಊಟಕ್ಕೆ ಹೋಗುವಾಗ ಪಿನ್ ಎಳೆದಿಡಿ. ಕಡುಂಬುಟ್ಟು, ಪಂದಿ ಕರಿ ಮುಂದಿದ್ದಾಗ ಬೇಗ ಏಳುವವರು ಯಾರೂ ಇಲ್ಲ.

ಬ್ಯಾಟರಿ ಸಾಯುವಾಗ ಒಮ್ಮೆಲೇ ಸಾಯುವುದಿಲ್ಲ. ಮೊದಲು ಸದ್ದು ಒಡೆಯುತ್ತದೆ, ಆಮೇಲೆ ಸಣ್ಣದಾಗುತ್ತದೆ. ನೀವು ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತೀರಿ. ಪೆನ್ಸಿಲ್ ಸೆಲ್ಲು ಯಾವ ಊರಿನ ಗೂಡಂಗಡಿಯಲ್ಲೂ ಸಿಗುತ್ತದೆ, ಈ ಚೌಕದ ಬ್ಯಾಟರಿ ಸಿಗುವ ಭರವಸೆ ಇಲ್ಲ. ಆಲ್ಕಲೈನ್‌ನದ್ದು ಹೊಸದು ಎರಡು ಇಟ್ಟುಕೊಳ್ಳಿ. ಹಾಕಿದ ತಾರೀಕನ್ನು ಅದರ ಮೈಮೇಲೇ ಮಾರ್ಕರಿನಲ್ಲಿ ಬರೆಯಿರಿ. ಗೂಡಿಗೆ ಸ್ಕ್ರೂ ಇದ್ದರೆ ಅದಕ್ಕೆ ಹೊಂದುವ ಸ್ಕ್ರೂಡ್ರೈವರನ್ನು ರಬ್ಬರ್ ಬ್ಯಾಂಡಿನಲ್ಲಿ ಬ್ಯಾಟರಿ ಜೊತೆಗೇ ಕಟ್ಟಿಡಿ. ಬ್ಯಾಟರಿ ಇದ್ದು ಸ್ಕ್ರೂಡ್ರೈವರ್ ಇಲ್ಲದೆ ಹತ್ತು ರೂಪಾಯಿ ನಾಣ್ಯದಲ್ಲಿ ಪರದಾಡಿದವನು ನಾನು.

4. ಕರೆಂಟು: ಇಲ್ಲಿ ಮಾತ್ರ ತಮಾಷೆ ಬೇಡ

ಬೇಸಿನ ತಂತಿಗಳು ಸೇತುವೆಯ (ಬೇಸಿನ ಮೈಮೇಲೆ ತಂತಿಯ ಬುಡ ಸಿಕ್ಕಿಸುವ ಲೋಹದ ಭಾಗ) ಮೂಲಕ ಕೇಬಲಿನ ಗ್ರೌಂಡಿಗೆ ಸೇರಿರುತ್ತವೆ. ಅಂದರೆ ತಂತಿ ಮುಟ್ಟಿದ ನಿಮ್ಮ ಕೈ ಆಂಪಿನ ಮೈಯನ್ನೇ ಮುಟ್ಟಿದ ಹಾಗೆ. ನೀವು ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸುತ್ತೀರಿ. ಮೈಕ್ ಬೇರೆ ಲೈನಿನದ್ದಾಗಿದ್ದು, ಎರಡರಲ್ಲಿ ಒಂದಕ್ಕೆ ಅರ್ತಿಂಗ್ ಇಲ್ಲದಿದ್ದರೆ ಶಾಕ್ ತುಟಿಗೇ ಹೊಡೆಯುತ್ತದೆ. ಒದ್ದೆ ಕಣದಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಇನ್ನೂ ಕೆಟ್ಟದ್ದು.

ಅದಕ್ಕೆ ಎಲೆಕ್ಟ್ರಿಷಿಯನ್ನರ ಜೇಬಲ್ಲಿರುವ ನಿಯಾನ್ ಟೆಸ್ಟರ್ ಒಂದು ಬ್ಯಾಗಿನಲ್ಲಿರಲಿ. ಎಲ್ಲ ಆನ್ ಆದ ಮೇಲೆ, ನೀವು ತಂತಿ ಮುಟ್ಟುವ ಮೊದಲು, ಟೆಸ್ಟರಿನ ತುದಿಯನ್ನು ಮೈಕಿನ ಜಾಲರಿಗೆ ಒಮ್ಮೆ, ಬೇಸಿನ ಸೇತುವೆಗೆ ಒಮ್ಮೆ ತಾಗಿಸಿ. ದೀಪ ಹತ್ತಿದರೆ ಮುಟ್ಟಬೇಡಿ. ಸೌಂಡಿನವರನ್ನು ಕರೆದು, ಮೈಕಿನ ಮಿಕ್ಸರಿಗೂ ನಿಮ್ಮ ಆಂಪಿಗೂ ಅರ್ತಿಂಗ್ ಸರಿಯಿರುವ ಒಂದೇ ಜಾಗದಿಂದ ಕರೆಂಟು ಕೊಡಿಸಿ.

ಗುಂಯ್ ಸದ್ದು ಬಂತು ಅಂತ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಕಿತ್ತು ಹಾಕುವವರಿದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಅದರ ಬದಲು ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಬಿಡಿಸುವುದು ಸಿಗ್ನಲ್ ಕೇಬಲಿನ ಗ್ರೌಂಡನ್ನು ಮಾತ್ರ. ಕರೆಂಟಿನ ಅರ್ತಿಂಗಿಗೆ ಏನೂ ಆಗುವುದಿಲ್ಲ.

ಜೊತೆಗೆ ಒಂದು ಒಳ್ಳೆ ಎಕ್ಸ್‌ಟೆನ್ಷನ್ ಬೋರ್ಡ್. ನಿಮ್ಮ ಆಂಪಿಗೆ ದಪ್ಪ ಪಿನ್ನಿನ ಪ್ಲಗ್ ಇದ್ದರೆ ಅದಕ್ಕೆ ಹೊಂದುವ ಸಾಕೆಟ್ ಇದೆಯಾ ಅಂತ ಮೊದಲೇ ವಿಚಾರಿಸಿ. ಆಂಪಿನ ಫ್ಯೂಸ್ ಎರಡು ಬಿಡಿ ಇರಲಿ. ಹಿಂದೆ ಬರೆದಿರುವ ಆಂಪಿಯರ್ ಎಷ್ಟೋ ಅಷ್ಟೇ, ಅದೇ ಜಾತಿಯದ್ದೇ. ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಹಾಕುವ ಹಳೇ ಉಪಾಯ ಬೇಡವೇ ಬೇಡ.

5. ಈಗ ತಂತಿ

ಹೊಸ ಸೆಟ್ ಹಾಕಿದಾಗ ಹಳೇ ಸೆಟ್ ಎಸೆಯಬೇಡಿ. ಒರೆಸಿ, ಸುತ್ತಿ, ಯಾವುದು ಇ, ಎ, ಡಿ, ಜಿ ಅಂತ ಚೀಟಿ ಕಟ್ಟಿ ಬ್ಯಾಗಿನಲ್ಲಿಡಿ. ಬಿಡಿ ತಂತಿ ಅಂದರೆ ಇದೇ. ಆಗಲೇ ಎಳೆದು ಪಳಗಿರುವುದರಿಂದ ಹೊಸದರಷ್ಟು ಶ್ರುತಿ ಇಳಿಯುವುದಿಲ್ಲ. ಉದ್ದವೂ ನಿಮ್ಮ ಬೇಸಿಗೇ ಕತ್ತರಿಸಿದ್ದು. ಪಕ್ಕದ ಹಳೇ ತಂತಿಗಳ ನಾದಕ್ಕೂ ಹೊಂದುತ್ತದೆ. ಹೊಸ ತಂತಿ ಒಂದೇ ಹೊಳೆದು ಕೇಳಿದರೆ ಕಿವಿಗೆ ಕಿರಿಕಿರಿ.

ಹೊಸದನ್ನೇ ಹಾಕುವ ಸಂದರ್ಭ ಬಂದರೆ ಅವಸರದಲ್ಲಿ ಗಿಡ್ಡ ಕತ್ತರಿಸಬೇಡಿ. ತಂತಿಯನ್ನು ಅದರ ಕೀಲಿಯಿಂದ (ಬೇಸಿನ ತಲೆಯಲ್ಲಿ ತಂತಿ ಸುತ್ತಿಕೊಳ್ಳುವ ಗೂಟ) ಇನ್ನೂ ನಾಲ್ಕೈದು ಇಂಚು ಆಚೆಗೆ ಅಳೆಯಿರಿ. ಅಲ್ಲಿ ಮೊದಲು ಲಂಬಕ್ಕೆ ಮಡಚಿ, ಆಮೇಲೆ ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಮೇಲಿನ ಸುತ್ತು ಬಿಚ್ಚಿಕೊಂಡು ತಂತಿ ಸತ್ತ ಹಾಗಾಗುತ್ತದೆ. ಕೀಲಿಯ ನಡುವೆ ತೂತಿದ್ದರೆ ತುದಿಯನ್ನು ಅದರೊಳಗೆ ಇಳಿಸಿ, ಸುತ್ತುಗಳು ಮೇಲಿಂದ ಕೆಳಕ್ಕೆ ಬರುವಂತೆ ಮೂರು ಸುತ್ತು ತಿರುಗಿಸಿ. ಶ್ರುತಿ ಮಾಡಿ, ತಂತಿಯ ನಡುವೆ ಬೆರಳು ಹಾಕಿ ಮೆಲ್ಲನೆ ಎಳೆದು, ಮತ್ತೆ ಶ್ರುತಿ ಮಾಡಿ. ಮೂರು ಸಲ ಹೀಗೆ ಮಾಡಿದರೆ ನಿಲ್ಲುತ್ತದೆ.

ಏನೂ ಇಲ್ಲ ಅಂದರೂ ಹೆದರಬೇಡಿ. ಜಿ ತಂತಿ ಇಲ್ಲದೆ ಮದುವೆ ಮುಗಿಸಬಹುದು. ನಮ್ಮ ಕೆಲಸದ ಮುಕ್ಕಾಲು ಪಾಲು ಇ ಮತ್ತು ಎ ತಂತಿಯಲ್ಲೇ ನಡೆಯುತ್ತದೆ. ಇದೇ ಕಾರಣಕ್ಕೆ ಬಿಡಿ ಬೇಸ್ ಹೊತ್ತು ತಿರುಗುವುದನ್ನು ನಾನು ಒಪ್ಪುವುದಿಲ್ಲ.

6. ಮಳೆ ಮತ್ತು ಮಂಜು

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೇ ಬೆವರುತ್ತದೆ. ತಂತಿಗೆ ತುಕ್ಕು ಹಿಡಿಯಲು ಎರಡು ವಾರ ಬೇಡ. ಹಳೇ ಬನಿಯನ್ ತುಂಡೊಂದು ಬ್ಯಾಗಿನಲ್ಲಿರಲಿ, ನುಡಿಸಿದ ಕೂಡಲೇ ತಂತಿಯ ಮೇಲೂ ಅಡಿಗೂ ಒರೆಸಿ. ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ. ಬ್ಯಾಗಿನ ಮೇಲೆ ಹೊದಿಸಲು ಕಾಫಿ ಮುಚ್ಚುವ ಪ್ಲಾಸ್ಟಿಕ್ ಶೀಟಿನ ಒಂದು ತುಂಡು ಸಾಕು, ದುಬಾರಿ ಕವರ್ ಬೇಡ. ಬೇಸ್ ತೇವ ಆಯಿತು ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸುವ ಬುದ್ಧಿವಂತಿಕೆ ಮಾಡಬೇಡಿ. ಮೆಣಸು ಒಣಗುತ್ತದೆ, ಮರದ ಅಂಟು ಬಿಡುತ್ತದೆ.

ಮಂಜಿನಲ್ಲಿ ಜೀಪಿನ ಹಿಂದೆ ಕೂತು ಬಂದ ಬೇಸನ್ನು ಬೆಚ್ಚಗಿನ ಮಂಟಪದೊಳಗೆ ತಂದ ಕೂಡಲೇ ಶ್ರುತಿ ಮಾಡಿದರೆ ಅದು ನಿಲ್ಲುವುದಿಲ್ಲ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ, ಆಮೇಲೆ ತೆಗೆಯಿರಿ. ಕುತ್ತಿಗೆ ಬಾಗಿದೆ ಅನಿಸಿದರೆ ಟ್ರಸ್ ರಾಡ್ (ಕುತ್ತಿಗೆಯ ಬಾಗು ಸರಿಪಡಿಸಲು ಅದರೊಳಗಿರುವ ಉಕ್ಕಿನ ಸರಳು) ತಿರುಗಿಸುವ ಕೀಲಿ ಬ್ಯಾಗಿನಲ್ಲಿರಲಿ. ಆದರೆ ಪ್ರೋಗ್ರಾಮಿನ ದಿನ ಅದನ್ನು ಮುಟ್ಟಬೇಡಿ. ಆ ಕೆಲಸ ಮನೆಯಲ್ಲಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಇಲ್ಲದೆ. ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ತಿಂಗಳು) ಹೇಗೂ ಮದುವೆಗಳಿಲ್ಲ. ಬೆಸುಗೆ, ಟ್ರಸ್ ರಾಡು, ಗೊರಗುಟ್ಟುವ ವಾಲ್ಯೂಮ್ ನಾಬು, ಎಲ್ಲ ರಿಪೇರಿಗೂ ಅದೇ ತಿಂಗಳು.

7. ಸಣ್ಣ ಚೀಲ

ಉಳಿದದ್ದೆಲ್ಲ ಜಿಪ್ ಇರುವ ಒಂದು ಸಣ್ಣ ಚೀಲದಲ್ಲಿ. ಟ್ಯೂನರ್ ಪೆಡಲ್ ಆಗಿದ್ದರೆ ಒಳ್ಳೆಯದು. ತುಳಿದರೆ ಸದ್ದು ನಿಲ್ಲುತ್ತದೆ, ಗಲಾಟೆಯಲ್ಲೂ ಶ್ರುತಿ ಮಾಡಬಹುದು. ತಲೆಗೆ ಕಟ್ಟುವ ಟಾರ್ಚು, ತಂತಿ ಕತ್ತರಿಸುವ ಕಟ್ಟರ್, ಕೇಬಲ್ ನೆಲಕ್ಕೆ ಅಂಟಿಸಲು ಬಟ್ಟೆಯ ಟೇಪು, ಇಯರ್ ಪ್ಲಗ್. ಬಿಡಿ ಸ್ಟ್ರಾಪ್ ಬೇಡ, ಇರುವ ಸ್ಟ್ರಾಪಿನ ತೂತು ಸಡಿಲವಾಗಿದ್ದರೆ ಸೋಡಾ ಬಾಟಲಿಯ ರಬ್ಬರ್ ವಾಷರ್ ಗುಂಡಿಗೆ ಏರಿಸಿ. ಜಾರುವುದಿಲ್ಲ.

8. ರಾತ್ರಿ ವಾಪಸು ಬಂದ ಮೇಲೆ

ಮಲಗುವ ಮುಂಚೆ ಇನ್ನೆರಡು ನಿಮಿಷ. ಬಳಸಿದ ಬ್ಯಾಟರಿ, ಸುಟ್ಟ ಫ್ಯೂಸು ಏನಿದ್ದರೂ ತೆಗೆದು ಮೇಜಿನ ಮೇಲಿಡಿ, ಬೆಳಿಗ್ಗೆ ಕಂಡ ಕೂಡಲೇ ಹೊಸದು ತರಲು ನೆನಪಾಗುತ್ತದೆ. ಚರಚರ ಅಂದ ಕೇಬಲನ್ನು ಮಾತ್ರ ಸ್ಟೇಜಿನಲ್ಲೇ, ಬಿಚ್ಚಿದ ಕೂಡಲೇ, ನಡುವೆ ಒಂದು ಗಂಟು ಹಾಕಿ ಬ್ಯಾಗಿಗೆ ಹಾಕಿ. ಗಂಟು ಹಾಕದೆ ಒಳ್ಳೆಯದರ ಜೊತೆ ಸುತ್ತಿಟ್ಟು, ಮುಂದಿನ ವಾರ ಗೋಣಿಕೊಪ್ಪಲಿನಲ್ಲಿ ಅದನ್ನೇ ಮತ್ತೆ ತೆಗೆದು ಚುಚ್ಚಿದ್ದೂ ಉಂಟು ನಾನು.