ಗುಡ್ಡ ಕಡಿದ ಲೆಕ್ಕ: ಕೊಡಗಿನಲ್ಲಿ ನಮ್ಮ ತನಿಖಾ ವರದಿಗಾರಿಕೆ

ಜಾಹೀರಾತು ತೆಗೆದುಕೊಳ್ಳದ, ಲಾಭಕ್ಕಾಗಿ ನಡೆಯದ ತನಿಖಾ ವರದಿಗಾರಿಕೆಯ ಟ್ರಸ್ಟ್ ಕೊಡಗಿನಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂದು ವೃತ್ತಿಮಿತ್ರರು ಹೇಳಿದ್ದರು. ಇಲ್ಲಿ ಗುಮಾಸ್ತ, ಗುತ್ತಿಗೆದಾರ, ಹೋಂಸ್ಟೇ ಮಾಲೀಕ, ವರದಿಗಾರ ಎಲ್ಲರೂ ಎಲ್ಲೋ ಒಂದು ಕಡೆ ನೆಂಟರು. ಒಬ್ಬರ ಕಡತ ಬಿಚ್ಚಿದರೆ ಮದುವೆ ಮನೆಗೆ ಹೋಗುವುದು ಕಷ್ಟ ಎಂಬುದು ಅವರ ವಾದ. ಆ ವಾದ ಸುಳ್ಳಲ್ಲ. ಆದರೂ ನಮ್ಮ ಟ್ರಸ್ಟ್ ನಿಂತಿದೆ, ಸಾಲವಿಲ್ಲದೆ ನಿಂತಿದೆ, ಇಬ್ಬರಿಗೆ ಪೂರ್ಣಾವಧಿ ಸಂಬಳ ಕೊಡುತ್ತಿದೆ. ಸಕಲೇಶಪುರ, ಮೂಡಿಗೆರೆ ಕಡೆಯ ಗೆಳೆಯರು ಇದೇ ಕೆಲಸ ಶುರುಮಾಡಲು ಹೊರಟಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ, ಪಹಣಿ, ಉಪಗ್ರಹ ಚಿತ್ರ ಇವೆಲ್ಲ ನಿಮಗೆ ಗೊತ್ತಿರುವುದೇ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಬಂದ ವರದಿಗಳಲ್ಲಿ ಹೆಚ್ಚಿನವು ಮಳೆಯ ಸುತ್ತಲೇ ಸುತ್ತಿದವು. ಇಳಿಜಾರನ್ನು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತ್ತು. ಆದರೆ ಯಾವ ಸರ್ವೆ ನಂಬರಿನಲ್ಲಿ, ಯಾರ ಅನುಮತಿಯಿಂದ, ಯಾವ ವರ್ಷ ಕಡಿದರು ಎಂಬ ಪಟ್ಟಿ ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಆ ಪಟ್ಟಿ ಮಾಡುವುದೇ ನಮ್ಮ ಕೆಲಸ ಎಂದು ತೀರ್ಮಾನಿಸಿದೆವು.

ಮೊದಲು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆವು. ಇಡೀ ತಾಲ್ಲೂಕಿನಲ್ಲಿ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊರಟ ಎಲ್ಲ ಭೂಪರಿವರ್ತನೆ ಆದೇಶಗಳ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಟ್ಟ ಆದೇಶಗಳ, ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿದೆವು. ಒಂದು ಕಚೇರಿ ಮಾಹಿತಿ ಹಕ್ಕು ಕಾಯ್ದೆಯ 7(9)ನೇ ಕಲಂ ತೋರಿಸಿ, ಇಷ್ಟು ಕೊಟ್ಟರೆ ಕಚೇರಿಯ ಬೇರೆ ಕೆಲಸ ನಿಲ್ಲುತ್ತದೆ ಎಂದಿತು. ಇನ್ನೊಂದು ಕಚೇರಿ, ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಎಂಬ ರಾಜ್ಯದ ನಿಯಮ ತೋರಿಸಿ ಹಿಂದಿರುಗಿಸಿತು. ಮೊದಲ ಮೇಲ್ಮನವಿಯಲ್ಲಿ ಅದೇ ಉತ್ತರ. ಎರಡನೆಯದು ಮಾಹಿತಿ ಆಯೋಗದ ಸರದಿಯಲ್ಲಿ ವರ್ಷಕ್ಕೂ ಮೇಲೆ ಕುಳಿತಿತು. ಅಷ್ಟರಲ್ಲಿ ಕೈಯಲ್ಲಿದ್ದ ಹಣದ ಅರ್ಧ ಕರಗಿತ್ತು. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ ಯಾವ ಲೆಕ್ಕವೂ ಅಲ್ಲ. ತಿಂದದ್ದು ಜೀಪಿನ ಡೀಸೆಲ್, ವಕೀಲರ ಶುಲ್ಕ, ಬರಿಗೈಯಲ್ಲಿ ಕಾದ ತಿಂಗಳುಗಳ ಸಂಬಳ.

ಕೊನೆಗೆ ಫಲಿಸಿದ್ದು ಪ್ರತಿ ಕೇಳುವುದನ್ನು ಬಿಟ್ಟು ಕಡತ ನೋಡಲು ಕೇಳಿದಾಗ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಪರಿಶೀಲನೆಯ ಹಕ್ಕು ಕೊಡುತ್ತದೆ. ಅದನ್ನು ಬಳಸುವವರು ಕಡಿಮೆ. ಒಂದು ಅರ್ಜಿಗೆ ಒಂದೇ ಗ್ರಾಮ, ಒಂದೇ ವರ್ಷ, ಒಂದೇ ಬಗೆಯ ಕಡತ. ಅರ್ಜಿದಾರರು ನಾವಲ್ಲ, ಆ ಊರಿನವರೇ. ಜರಿದ ಗುಡ್ಡದ ಕೆಳಗೆ ತೋಟ ಕಳೆದುಕೊಂಡ ಹೆಂಗಸು ತನ್ನ ಊರಿನ ಕಡತ ನೋಡಲು ಬಂದಾಗ, ನೆಂಟಸ್ತಿಕೆಯ ಅಡ್ಡಿ ಆಕೆಯ ಪರವಾಗಿ ತಿರುಗಿತು. ಗುಮಾಸ್ತರೇ ಕುರ್ಚಿ ಹಾಕಿಕೊಟ್ಟರು. ಆಕೆಯ ಪಕ್ಕದಲ್ಲಿ ನಾವು ನೋಟ್ ಪುಸ್ತಕ ಹಿಡಿದು ಕುಳಿತೆವು. ಯಾವ ಕಡತವನ್ನು ಮೊದಲು, ಯಾವುದನ್ನು ಕೊನೆಗೆ ಕೇಳಬೇಕು ಎಂಬುದಕ್ಕೆ ನಮ್ಮದೇ ಒಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯೇ ಕೆಡುತ್ತದೆ.

ಹೊರಗಿನಿಂದ ಬಂದ ವರದಿಗಾರರು ಇಲ್ಲಿ ಎಡವುವುದು ಹೆಸರಿನಲ್ಲಿ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರು ಇರುತ್ತದೆ, ಎಷ್ಟೋ ಕಡೆ ಅವರು ತೀರಿಹೋಗಿ ಎರಡು ತಲೆಮಾರು ಕಳೆದಿರುತ್ತದೆ. ಜಾಗ ಅನುಭವಿಸುವವರು ಬೇರೆ, ಒಳಗೊಳಗೆ ಮಾತಿನ ಮೇಲೆ ಕೊಟ್ಟವರು ಬೇರೆ, ಕಟ್ಟಡದ ಪರವಾನಗಿ ಪಡೆದವರು ಮತ್ತೊಬ್ಬರು. ಹೆಸರು ಹಿಡಿದು ಹುಡುಕಿದರೆ ಸತ್ತವರ ಮೇಲೆ ವರದಿಯಾಗುತ್ತದೆ. ಆದ್ದರಿಂದ ನಾವು ಸರ್ವೆ ನಂಬರನ್ನೇ ಬೆನ್ನೆಲುಬು ಮಾಡಿಕೊಂಡೆವು: ಪರಿವರ್ತನೆ ಆದೇಶ, ಪಂಚಾಯಿತಿಯ ಪರವಾನಗಿ, ವಿದ್ಯುತ್ ಸಂಪರ್ಕ ಎಲ್ಲವೂ ಅದಕ್ಕೇ ಬಂದು ಸೇರಬೇಕು. ಪೈಸಾರಿ, ಅಂದರೆ ಸರ್ಕಾರಿ ಬೀಳು, ಜಾಗದ ಮಗ್ಗುಲಲ್ಲಿರುವ ನಂಬರುಗಳನ್ನು ಬೇರೆ ಹಾಳೆಯಲ್ಲಿ ಇಟ್ಟೆವು. ಅಲ್ಲಿ ಗಡಿ ಸರಿಯುವುದು ಹೆಚ್ಚು.

ಉಪಗ್ರಹ ಚಿತ್ರದ ಬಗ್ಗೆ ಎರಡು ಮಾತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, ಒಂದು ಚುಕ್ಕೆ ಹತ್ತು ಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ಜನವರಿಯಿಂದ ಮಾರ್ಚ್‌ವರೆಗಿನದನ್ನು ವರ್ಷ ವರ್ಷಕ್ಕೆ ಹೋಲಿಸಿ. ನೆರಳು ಮರದ ಅಡಿಯಲ್ಲಿ ನಡೆದ ಅಗೆತ ಕಾಣುವುದಿಲ್ಲ. ಮರ ಹೋಗಿ ಕೆಂಪು ಮಣ್ಣು ತೆರೆದುಕೊಂಡ ಮೇಲೆಯೇ ಕಾಣುವುದು. ಮೋಡ ಭೇದಿಸುವ ಸೆಂಟಿನೆಲ್-1 ರೇಡಾರ್ ಚಿತ್ರವನ್ನೂ ಪ್ರಯತ್ನಿಸಿದೆವು. ನಮ್ಮ ಕಡಿದಾದ ಇಳಿಜಾರಿನಲ್ಲಿ ಅದು ಬೆಟ್ಟವನ್ನೇ ಮಡಚಿ ತೋರಿಸುತ್ತದೆ, ಕೈಬಿಟ್ಟೆವು.

ಇದರ ನಡುವೆ ಅಡ್ಡದಾರಿಯಲ್ಲಿ ಸಿಕ್ಕದ್ದು ಮಳೆ ಡೈರಿ. ಇಲ್ಲಿನ ಬೆಳೆಗಾರರ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ದಿನವೂ ಬೆಳಿಗ್ಗೆ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳು. ಸುಮಾರು ಮೂವತ್ತು ಮನೆಗಳ ಡೈರಿಗಳ ಫೋಟೊ ತೆಗೆದುಕೊಂಡೆವು. ಒಂದು ಇಂಚು 25.4 ಮಿಲಿಮೀಟರ್, ನೂರು ಸೆಂಟಿಗೆ ಒಂದು ಇಂಚು. ಒಂದೇ ಬೆಟ್ಟದ ಎರಡು ಮಗ್ಗುಲಿಗೆ ಮಳೆಯಲ್ಲಿ ಎಷ್ಟು ವ್ಯತ್ಯಾಸ ಎಂಬುದು ಅದರಿಂದ ತಿಳಿಯಿತು. ನಾವು ಹಿಡಿದ ಕಣಿವೆಯಲ್ಲಿ ಅತಿ ಹೆಚ್ಚು ಮಳೆ ಬರೆದಿಟ್ಟ ಮನೆಯ ಗುಡ್ಡ ನಿಂತಿತ್ತು. ಅದಕ್ಕಿಂತ ಕಡಿಮೆ ಮಳೆ ಬಿದ್ದು, ಬುಡ ಕಡಿದಿದ್ದ ಗುಡ್ಡ ಜರಿದಿತ್ತು. ಒಂದು ಕಣಿವೆಯಿಂದ ಜಿಲ್ಲೆಯ ಮಾತು ಹೇಳಲಾಗದು, ಹೇಳಲೂ ಇಲ್ಲ. ಆದರೆ 'ಎಲ್ಲವೂ ಮಳೆಯ ಪ್ರಕೋಪ' ಎಂದು ಸಭೆಯಲ್ಲಿ ಎದ್ದು ನಿಂತವರ ಮುಂದೆ ಅವರದೇ ನೆರೆಮನೆಯ ಡೈರಿ ಇಟ್ಟಾಗ ಮಾತು ಮುಂದುವರಿಯಲಿಲ್ಲ.

ಹಣದ ವಿಷಯವೇ ಎಲ್ಲಕ್ಕಿಂತ ಗಟ್ಟಿ. ವಿದೇಶಿ ಅನುದಾನ ನಮಗೆ ದಕ್ಕುವುದಲ್ಲ. ಸುದ್ದಿ ಕೆಲಸದವರು ವಿದೇಶಿ ವಂತಿಗೆ ಪಡೆಯುವುದನ್ನು 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯ 3ನೇ ಕಲಂ ನಿಷೇಧಿಸುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವ ದುಬೈಯ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆಯಿಲ್ಲ, ಅಮೆರಿಕದ ಪೌರನಾದ ಅವನ ಅಣ್ಣ ಕೊಡುವಂತಿಲ್ಲ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಸೀದಿಯ ಆಸೆ ತೋರಿಸಿದೆವು, ನಡೆಯಲಿಲ್ಲ. ಸಂಸ್ಕರಿಸದ ಕಾಫಿ ಮಾರುವ ಬೆಳೆಗಾರನಿಗೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಬೆಂಗಳೂರಿನಲ್ಲಿ ಸಂಬಳದಲ್ಲಿರುವ ಅವನ ಮಗಳು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಅವಳಿಗೂ ಆ ವಿನಾಯಿತಿ ಸಿಗದು.

ಕೊನೆಗೆ ಹಿಡಿದದ್ದು ಕೊಯ್ಲಿನ ಕಾಲ. ರೊಬಸ್ಟಾ ಕೊಯ್ಲು ಮುಗಿದು ಕರಿಮೆಣಸು ಮಾರುವ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಕೇಳುತ್ತೇವೆ. ವರ್ಷದ ಖರ್ಚು ಒಂಬತ್ತು, ಹತ್ತು ಲಕ್ಷದ ಆಸುಪಾಸು. ಅದರ ಮುಕ್ಕಾಲು ಪಾಲು ಈ ಮೂರು ತಿಂಗಳಲ್ಲೇ ಬರುತ್ತದೆ. ಒಂದು ಮನೆಯಿಂದ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ರೆಸಾರ್ಟ್, ಕಲ್ಲುಕೋರೆ, ನಿವೇಶನ ವ್ಯವಹಾರದವರ ಹಣ ಬೇಡ. ಒಬ್ಬರು ಒಂದೇ ಚೆಕ್ಕಿನಲ್ಲಿ ವರ್ಷದ ಖರ್ಚನ್ನೆಲ್ಲ ಕೊಡಲು ಬಂದರು, ಹಿಂದಿರುಗಿಸಿದೆವು. ಅವರ ಸರ್ವೆ ನಂಬರು ನಮ್ಮ ಹಾಳೆಯಲ್ಲಿ ಮುಂದೆ ಬಂತು. ಹಿಂದಿರುಗಿಸಿದ್ದು ನನಗೆ ಇಂದಿಗೂ ಹೆಮ್ಮೆ.

ಪ್ರಕಟಣೆಯಲ್ಲೂ ಒಂದು ಬದಲಾವಣೆ ಮಾಡಿದೆವು. ವರದಿ ಹೊರಬರುವ ಮೊದಲು ಸರ್ವೆ ನಂಬರುಗಳ ಪಟ್ಟಿಯನ್ನು ಊರಿನವರೇ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿದರು. ಮಾನನಷ್ಟದ ನೋಟಿಸ್ ಬಂತು. ಪ್ರತಿ ಸಾಲಿನ ಪಕ್ಕದಲ್ಲೂ ಕಡತದ ಸಂಖ್ಯೆ ಇದ್ದುದರಿಂದ ನಮ್ಮ ವಕೀಲರ ಉತ್ತರ ಒಂದೂವರೆ ಪುಟಕ್ಕೆ ಮುಗಿಯಿತು, ಮತ್ತೆ ಪತ್ರ ಬರಲಿಲ್ಲ. ಆ ಪಂಚಾಯಿತಿ ಇಳಿಜಾರಿನ ಪರವಾನಗಿ ಅರ್ಜಿಗಳಿಗೆ ಸರ್ವೆ ನಕ್ಷೆ ಲಗತ್ತಿಸಲೇಬೇಕು ಎಂದು ನಿರ್ಣಯ ಮಾಡಿದೆ. ನಮ್ಮನ್ನು ಬೇಡ ಎಂದಿದ್ದ ಮಿತ್ರರಲ್ಲಿ ಇಬ್ಬರು ಈಗ ತಮ್ಮ ತಾಲ್ಲೂಕಿನ ಹಾಳೆ ತುಂಬಿಸುತ್ತಿದ್ದಾರೆ.

ಈ ಬೇಸಿಗೆಯಲ್ಲಿ ಕರ್ಣಂಗೇರಿ, ಮದೆನಾಡು, ಜಂಬೂರಿನ ಪುನರ್ವಸತಿ ಮನೆಗಳ ಹಕ್ಕುಪತ್ರಗಳನ್ನು ಮನೆ ಮನೆ ತಿರುಗಿ ನೋಡುತ್ತಿದ್ದೇವೆ. ಹಾಸನ, ಚಿಕ್ಕಮಗಳೂರಿನವರು ಪರಿಶೀಲನೆಯ ಅರ್ಜಿಯನ್ನು ಫೆಬ್ರುವರಿಯಲ್ಲೇ ಹಾಕಿಬಿಡಿ. ಮೇ, ಜೂನ್‌ನಲ್ಲಿ ವರ್ಗಾವಣೆ ಶುರುವಾದರೆ ಕಡತ ಎಲ್ಲಿದೆ ಎಂದು ಬಲ್ಲವರು ಕಚೇರಿಯಲ್ಲಿ ಉಳಿದಿರುವುದಿಲ್ಲ.