ಗೂಗಲ್‌ನಲ್ಲಿ ಸೈಟ್ ದಿಢೀರನೆ ಕೆಳಗಿಳಿದರೆ ಏನು ನೋಡಬೇಕು?

ಮೊದಲು ಸರ್ಚ್ ಕನ್ಸೋಲ್ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ತೆರೆದು ‘ಮ್ಯಾನುಯಲ್ ಆಕ್ಷನ್ಸ್’ ನೋಡಿ. ಅಲ್ಲಿ ನೋಟಿಸ್ ಇದ್ದರೆ ಗೂಗಲ್ ಸಿಬ್ಬಂದಿಯೇ ಪರಿಶೀಲಿಸಿ ಕ್ರಮ ಕೈಗೊಂಡಿದ್ದಾರೆ ಎಂದರ್ಥ. ತಪ್ಪು ಸರಿಪಡಿಸಿ ಮರುಪರಿಶೀಲನೆಗೆ ಕೋರಬಹುದು. ಖಾಲಿ ಇದ್ದರೆ ಕಾರಣ ಅಲ್ಗಾರಿದಮ್ ಇರಬಹುದು, ಇಲ್ಲವೇ ಯಾರೋ ಮರೆತು ಬಿಟ್ಟ ನೋಇಂಡೆಕ್ಸ್ ಟ್ಯಾಗ್ (ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂದು ಹೇಳುವ ಸೂಚನೆ). ಇವಕ್ಕೆ ಅರ್ಜಿ ನಡೆಯುವುದಿಲ್ಲ.

ಅನೇಕರು ಸಿಕ್ಕಿಬೀಳುವುದು ದುಡ್ಡು ಕೊಟ್ಟು ಬೇರೆ ಸೈಟುಗಳಿಂದ ತಂದ ಲಿಂಕ್‌ಗಳಲ್ಲಿ. ‘ಸಾವಿರ ಬ್ಯಾಕ್‌ಲಿಂಕ್’ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಜಾಲದ ಸೈಟುಗಳು, ಎಲ್ಲದರಲ್ಲೂ ಅದೇ ಆಂಕರ್ ಪಠ್ಯ (ಲಿಂಕ್ ಇರುವ ಪದಗಳು). ಇಂಥದ್ದನ್ನು ಹಿಡಿಯಲೆಂದೇ 2012ರಲ್ಲಿ ಗೂಗಲ್‌ನ ಪೆಂಗ್ವಿನ್ ಎಂಬ ಅಪ್‌ಡೇಟ್ ಬಂತು. 2016ರಿಂದ ಅದು ಮೂಲ ಅಲ್ಗಾರಿದಮ್‌ನಲ್ಲೇ ಸೇರಿಹೋಗಿದೆ. ಈಗ ಬಹುತೇಕ ಇಂಥ ಲಿಂಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದುಡ್ಡು ದಂಡ, ಅಷ್ಟೇ. ಡಿಸಾವೋ ಫೈಲ್ (ಈ ಲಿಂಕ್‌ಗಳನ್ನು ಲೆಕ್ಕಿಸಬೇಡಿ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಹಾಕುವ ಆತುರ ಬೇಡ: ನೋಟಿಸ್ ಬಂದಿದ್ದರೆ ಅಥವಾ ಬರುವ ಸಾಧ್ಯತೆ ಖಚಿತವಿದ್ದರೆ ಮಾತ್ರ, ಅದೂ ಲಿಂಕ್ ತೆಗೆಸಲು ಪ್ರಯತ್ನಿಸಿದ ಮೇಲೆ. ಕಣ್ಣುಮುಚ್ಚಿ ಸೇರಿಸಿದರೆ ಒಳ್ಳೆಯ ಲಿಂಕ್‌ಗಳ ಬಲವೂ ಹೋಗುತ್ತದೆ.

ಗೂಗಲ್‌ಗೆ ಒಂದು ಪುಟ, ಓದುಗರಿಗೆ ಇನ್ನೊಂದು ತೋರಿಸುವ ಕ್ಲೋಕಿಂಗ್ ಇನ್ನೂ ಅಪಾಯದ್ದು. 2006ರಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ಸೈಟನ್ನೇ ಗೂಗಲ್ ಇಂಥ ಕಾರಣಕ್ಕೆ ಕಿತ್ತುಹಾಕಿತ್ತು. ದೊಡ್ಡ ಹೆಸರಿಗೂ ರಿಯಾಯಿತಿ ಇರಲಿಲ್ಲ. ನೀವು ಮಾಡದಿದ್ದರೂ ಹ್ಯಾಕ್ ಆದ ಸೈಟಿನಲ್ಲಿ ಗೂಗಲ್‌ಬಾಟ್‌ಗೆ (ಪುಟಗಳನ್ನು ಓದುವ ಗೂಗಲ್‌ನ ಪ್ರೋಗ್ರಾಂ) ಮಾತ್ರ ಕಾಣುವ ಜೂಜಿನ ಲಿಂಕ್‌ಗಳು ಇರಬಹುದು. ಬ್ರೌಸರ್‌ನಲ್ಲಿ ಅವು ಕಾಣಿಸುವುದೇ ಇಲ್ಲ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಲೈವ್ ಟೆಸ್ಟ್ ಒತ್ತಿ, ಅಲ್ಲಿ ಸಿಗುವ ಎಚ್‌ಟಿಎಂಎಲ್ ಅನ್ನು ನಿಮ್ಮ ಪುಟದ ಜೊತೆ ಹೋಲಿಸಿ. ಅಪರಿಚಿತ ಲಿಂಕ್ ಸಿಕ್ಕರೆ ಪ್ಲಗಿನ್ ಮತ್ತು ಥೀಮ್ ಫೈಲ್‌ಗಳಿಂದ ಹುಡುಕಾಟ ಶುರುಮಾಡಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ.